ಪಾಥೆ ಬೇಬಿಯ ಕಚ್ಚು

ಮನೆಯಲ್ಲಿ ಸಿನಿಮಾ ತೋರಿಸುವ ಯಂತ್ರಗಳ ಮಾತು ಬಂದೊಡನೆ 1923ರ ಕೊಡಾಕ್ 16 ಮಿ.ಮೀ. ಪ್ರೊಜೆಕ್ಟರನ್ನು ಹೊಗಳುವುದು ರೂಢಿ. ಒಂದು ವರ್ಷ ಮೊದಲೇ ಫ್ರಾನ್ಸಿನಿಂದ ಬಂದ ಪಾಥೆ ಬೇಬಿಗೆ ಸಿಗುವುದು ಆಟಿಕೆಯೆಂಬ ಒಂದು ಸಾಲು. ಕೊಡಾಕ್ ಮಾರುಕಟ್ಟೆ ಗೆದ್ದಿತು, ನಿಜ. ವಿನ್ಯಾಸದ ಜಾಣತನದಲ್ಲಿ ಬೇಬಿಯೇ ಮೇಲು.

ಅದರ ಕಚ್ಚೊಂದನ್ನೇ ನೋಡಿ. ಒಂಬತ್ತೂವರೆ ಮಿ.ಮೀ. ಅಗಲದ ಫಿಲ್ಮು, ಸುಮಾರು 9 ಮೀಟರ್ ಸುರುಳಿ. ಸೆಕೆಂಡಿಗೆ 16 ಫ್ರೇಮಿನಂತೆ ಒಂದೂಕಾಲು ನಿಮಿಷದ ಆಟ. ಮೂಕಿ ಚಿತ್ರಕ್ಕೆ ಅಕ್ಷರದ ಫಲಕ ಬೇಕೇ ಬೇಕು. ಒಂದು ಫಲಕ ಐದು ಸೆಕೆಂಡು ಕಾಣಲು 80 ಫ್ರೇಮು, ಅಂದರೆ 60 ಸೆಂ.ಮೀ. ಫಿಲ್ಮು ಹೋಗುತ್ತದೆ. ಹತ್ತು ಫಲಕವಾದರೆ ಸುರುಳಿಯ ಮೂರರಲ್ಲಿ ಎರಡು ಪಾಲು ಅದಕ್ಕೇ ಸರಿ. ಪಾಥೆಯವರು ಫಲಕಕ್ಕೆ ಒಂದೆರಡು ಫ್ರೇಮನ್ನಷ್ಟೇ ಕೊಟ್ಟು, ಫಿಲ್ಮಿನ ಅಂಚಿನಲ್ಲಿ ಕಚ್ಚು ಮಾಡಿದರು. ಕಚ್ಚು ದೀಪದ ಮುಂದಿನ ಗೇಟಿಗೆ ಬಂದೊಡನೆ ಫಿಲ್ಮನ್ನು ಎಳೆಯುವ ಕೊಕ್ಕೆ ಸುಮ್ಮನಾಗುತ್ತದೆ. ಕೈಹಿಡಿ ತಿರುಗುತ್ತಲೇ ಇರುತ್ತದೆ, ಫಲಕ ನಿಂತಿರುತ್ತದೆ, ಕೆಲವು ಸೆಕೆಂಡಾದ ಮೇಲೆ ಚಿತ್ರ ತಾನಾಗಿ ಓಡುತ್ತದೆ.

ಬೇಬಿಯ ದೀಪ ಮಂಕು ಎಂದು ನಮ್ಮ ವಿಮರ್ಶಕರು ದೂರುತ್ತಾರೆ. ನಿಂತ ಫಿಲ್ಮು ಸುಡದೆ ಉಳಿದದ್ದೇ ಆ ಮಂಕು ದೀಪದಿಂದ ಎಂಬುದನ್ನು ಮಾತ್ರ ಇವರು ಗಮನಿಸುವುದಿಲ್ಲ. ಮುಂದೆ ದೀಪಗಳು ಪ್ರಖರವಾದಾಗ ಕಚ್ಚನ್ನೇ ಕೈಬಿಡಬೇಕಾಯಿತು. ತುಮಕೂರು, ಕುಣಿಗಲ್ ಕಡೆಯ ಟೂರಿಂಗ್ ಟಾಕೀಸಿನ ಪರದೆಯ ಅಳತೆ ಹಿಡಿದುಕೊಂಡು ಪಡಸಾಲೆಯ ಗೋಡೆಗೆಂದು ಮಾಡಿದ ಯಂತ್ರವನ್ನು ಅಳೆದರೆ ಸಿಗುವುದು ಇಂಥ ತೀರ್ಪೇ.

ಫಲಕಕ್ಕಾಗಿ ಚಿತ್ರ ನಿಂತರೆ ರಸಭಂಗವಾಗುತ್ತದೆ ಎನ್ನುವವರೂ ಇದ್ದಾರೆ. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಸೀಮೆಯಲ್ಲಿ ಈ ಮಾತು ನಿಲ್ಲುವುದಿಲ್ಲ. ಕಂಪನಿ ನಾಟಕದಲ್ಲಿ ‘ವನ್ಸ್ ಮೋರ್’ ಕೂಗಿಗೆ ಕಥೆ ನಿಂತು ಹಾಡು ಮತ್ತೆ ಶುರುವಾಗುತ್ತಿತ್ತು. ರಸ ಏರುತ್ತಿತ್ತೇ ಹೊರತು ಇಳಿಯುತ್ತಿರಲಿಲ್ಲ. ಆ ಗುಬ್ಬಿ ಕಂಪನಿಯನ್ನು ಮುಂದೆ ಬೆಳೆಸಿದ ಗುಬ್ಬಿ ವೀರಣ್ಣನವರೇ ಮೂಕಿ ಚಿತ್ರ ತೆಗೆಯಲೂ ಮುಂದಾದವರು. ಅಲ್ಲದೆ, ಓದು ಬಾರದವರೂ ಕೂತ ಮನೆಯಲ್ಲಿ ಒಬ್ಬರು ಫಲಕವನ್ನು ಓದಿ ಹೇಳಲು ಚಿತ್ರ ನಿಲ್ಲುವ ಆ ಬಿಡುವು ಬೇಕು.

ದೋಷ ಇಲ್ಲವೆಂದಲ್ಲ. ರಂಧ್ರಗಳು ಫಿಲ್ಮಿನ ನಡುಮಧ್ಯೆ, ಫ್ರೇಮು ಫ್ರೇಮಿನ ನಡುವೆ ಇರುವುದರಿಂದ ಕೊಕ್ಕೆ ತಪ್ಪಿದರೆ ಗೀರು ಬೀಳುವುದು ಚಿತ್ರದ ಎದೆಗೇ. ಆದರೆ ಅಂಚಿನಲ್ಲಿ ರಂಧ್ರವಿಲ್ಲದ್ದರಿಂದಲೇ ಒಂಬತ್ತೂವರೆಯಲ್ಲಿ ಎಂಟೂವರೆ ಮಿ.ಮೀ. ಚಿತ್ರಕ್ಕೆ ದಕ್ಕಿತು. ಹದಿನಾರು ಮಿ.ಮೀ. ಅಗಲವಿದ್ದೂ ಕೊಡಾಕ್‌ಗೆ ದಕ್ಕಿದ್ದು ಹತ್ತು ಚಿಲ್ಲರೆ. ಗೀರನ್ನು ಎತ್ತಿ ತೋರಿಸುವವರು ಈ ಲೆಕ್ಕವನ್ನೂ ಪಕ್ಕದಲ್ಲೇ ಬರೆಯಲಿ.