ಅಳಲು ಬಿಡುವಿಲ್ಲದವರ ಕಥೆಗಳು

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ಊಟ ತಂದುಕೊಡುತ್ತಾರೆ, ಬಂಧುಗಳು ಬಂದು ಕೂರುತ್ತಾರೆ, ಮಯ್ಯತ್ತನ್ನು ಹೊರಲು ಕರೆಯದೆಯೇ ಹೆಗಲುಗಳು ಮುಂದೆ ಬರುತ್ತವೆ. ದುಃಖಕ್ಕೂ ಹೀಗೊಂದು ಕ್ರಮವಿದೆ. 1947ರ ಪಂಜಾಬಿನಲ್ಲಿ ಮುರಿದುಬಿದ್ದದ್ದು ಈ ಕ್ರಮ. ಊಟ ತರಬೇಕಾದ ನೆರೆಯವನು ಓಡಿಹೋಗಿದ್ದ, ಇಲ್ಲವೇ ಕತ್ತಿ ಹಿಡಿದು ನಿಂತಿದ್ದ. ದೇಶವಿಭಜನೆಯ ಕಥೆಗಳಲ್ಲಿ ನಾವು ಸಾಮಾನ್ಯವಾಗಿ ಕೊಲೆ, ಲೂಟಿಗಳನ್ನೇ ಗಮನಿಸುತ್ತೇವೆ. ಅಳಬೇಕಾದವರಿಗೆ ಅಳಲು ಜಾಗವೇ ಸಿಗಲಿಲ್ಲವೆಂಬುದು ನಮ್ಮ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ.

ಸಾದತ್ ಹಸನ್ ಮಾಂಟೊ 1948ರಲ್ಲಿ ಪ್ರಕಟಿಸಿದ ‘ಖೋಲ್ ದೋ’ ಕಥೆಯನ್ನೇ ನೋಡೋಣ. ಮುದುಕ ಸಿರಾಜುದ್ದೀನ್ ಅಮೃತಸರದಿಂದ ರೈಲಿನಲ್ಲಿ ಮುಘಲ್‌ಪುರಕ್ಕೆ ಬಂದಿದ್ದಾನೆ. ಹೆಂಡತಿ ಕಣ್ಣೆದುರಿಗೇ ಸತ್ತಿದ್ದಾಳೆ. ಅವಳಿಗೆ ಕಫನ್ ಇಲ್ಲ, ಜನಾಝಾ ನಮಾಝ್ ಇಲ್ಲ. ತನ್ನನ್ನು ಬಿಟ್ಟು ಮಗಳನ್ನು ಕರೆದುಕೊಂಡು ಹೋಗುವಂತೆ ಅವಳೇ ಹೇಳಿದ್ದಳು. ಈಗ ಮಗಳು ಸಕೀನಾಳೂ ಕಾಣೆಯಾಗಿದ್ದಾಳೆ. ಉಳಿದಿರುವುದು ಕೋಟಿನ ಜೇಬಿನಲ್ಲಿರುವ ಅವಳ ದುಪಟ್ಟಾ. ಓಡುವಾಗ ಜಾರಿಬಿದ್ದದ್ದನ್ನು, ಮಗಳು ಬೇಡವೆಂದರೂ, ನಿಂತು ಎತ್ತಿಕೊಂಡಿದ್ದ. ಹೆಂಡತಿಗಾಗಿ ಅಳುತ್ತಾ ಕೂತರೆ ಮಗಳನ್ನು ಹುಡುಕುವವರು ಯಾರು?

ಹುಡುಕಿಕೊಡುತ್ತೇವೆಂದು ಹೊರಟ ಸ್ವಯಂಸೇವಕರು ಅವಳ ಸಮುದಾಯದವರೇ. ಅವಳ ಮೇಲೆ ಅತ್ಯಾಚಾರ ಎಸಗಿದವರೂ ಅವರೇ. ಕೊನೆಗೆ ಆಸ್ಪತ್ರೆಯಲ್ಲಿ ಕಿಟಕಿ ತೆರೆಯಲು ಹೇಳಿದ ಡಾಕ್ಟರ ಮಾತಿಗೆ ಆ ಜೀವಚ್ಛವದ ಕೈ ಸಲ್ವಾರಿನ ಲಾಡಿ ಬಿಚ್ಚುತ್ತದೆ. ಡಾಕ್ಟರು ಬೆವರಿ ತೊಯ್ದುಹೋಗುತ್ತಾನೆ. ತಂದೆಯಾದರೋ ಮಗಳು ಬದುಕಿದ್ದಾಳೆಂದು ಖುಷಿಯಿಂದ ಕೂಗುತ್ತಾನೆ. ವಿಮರ್ಶಕರಲ್ಲಿ ಹಲವರು ಇದನ್ನು ಬೆಚ್ಚಿಬೀಳಿಸುವ ಮುಕ್ತಾಯವೆಂದು ಹೊಗಳಿದ್ದಾರೆ. ನಮಗೆ ಡಾಕ್ಟರ ಬೆವರಿಗಿಂತ ತಂದೆಯ ಕೂಗೇ ಹೆಚ್ಚು ಕಾಡುತ್ತದೆ. ಉಸಿರೊಂದಿದ್ದರೆ ಸಾಕೆನ್ನುವಷ್ಟು ಅವನ ಆಸೆ ಕುಗ್ಗಿಹೋಗಿದೆ.

ಕಥೆಯನ್ನು ಪ್ರಕಟಿಸಿದ ಲಾಹೋರಿನ ‘ನುಕೂಶ್’ ಪತ್ರಿಕೆಯನ್ನು ಅಲ್ಲಿನ ಸರಕಾರ ಆರು ತಿಂಗಳು ನಿಷೇಧಿಸಿತು. 2021ರಲ್ಲಿ ನಮ್ಮ ಸರಕಾರ ಆಗಸ್ಟ್ 14ನ್ನು ವಿಭಜನೆಯ ಭೀಕರತೆಯ ಸ್ಮರಣ ದಿನವೆಂದು ಘೋಷಿಸಿತು. ಸ್ಮರಿಸಲೇಬೇಕು. ಆದರೆ ಇನ್ನೊಬ್ಬರ ಕ್ರೌರ್ಯವನ್ನಷ್ಟೇ ಎಣಿಸುವ ಸ್ಮರಣೆಯಲ್ಲಿ ಸಕೀನಾಳನ್ನು ಎಲ್ಲಿಡೋಣ? ಗಡಿಯ ಯಾವ ಬದಿಯಲ್ಲಿ ನಿಂತು ಓದಿದರೂ ಈ ಪ್ರಶ್ನೆ ತಪ್ಪಿದ್ದಲ್ಲ. ಮುಸ್ಲಿಮ್ ಓದುಗರಿಗಂತೂ ಮಾಂಟೊ ನುಣುಚಿಕೊಳ್ಳಲು ದಾರಿಯನ್ನೇ ಇಟ್ಟಿಲ್ಲ.

ರಾಜಿಂದರ್ ಸಿಂಗ್ ಬೇಡಿಯವರ ‘ಲಾಜವಂತಿ’ಯಲ್ಲಿ ರಕ್ತವಿಲ್ಲ, ಕೂಗಿಲ್ಲ. ಅಪಹೃತ ಮಹಿಳೆಯರನ್ನು ಪರಸ್ಪರ ಹಿಂತಿರುಗಿಸಲು ಎರಡೂ ಸರಕಾರಗಳು 1947ರ ಡಿಸೆಂಬರಿನಲ್ಲಿ ಒಪ್ಪಿಕೊಂಡವು. 1949ರಲ್ಲಿ ಭಾರತ ಇದಕ್ಕಾಗಿ ಕಾನೂನನ್ನೂ ಮಾಡಿತು. ಹಿಂತಿರುಗಲು ಅವಳಿಗೆ ಇಷ್ಟವಿದೆಯೇ ಎಂದು ಆ ಕಾನೂನು ಕೇಳಲಿಲ್ಲ. ಹೀಗೆ ಮರಳಿದವಳು ಲಾಜವಂತಿ. ಗಂಡ ಸುಂದರಲಾಲ ಹಿಂದೆ ಅವಳನ್ನು ಹೊಡೆಯುತ್ತಿದ್ದವನು. ಈಗ ಮರಳಿದ ಹೆಂಗಸರನ್ನು ಒಪ್ಪಿಕೊಳ್ಳಿ ಎಂದು ಬೀದಿಬೀದಿ ಸುತ್ತುವ ಸಮಿತಿಯ ಕಾರ್ಯದರ್ಶಿ. ಮಾತಿನಂತೆ ನಡೆದು ಅವಳನ್ನು ಮನೆಗೆ ಕರೆತರುತ್ತಾನೆ. ಬೇಡಿ ಅವನನ್ನು ಕೆಟ್ಟವನನ್ನಾಗಿ ಚಿತ್ರಿಸುವುದೂ ಇಲ್ಲ.

ಹೆಂಡತಿ ಸೊರಗಿ ಬರುತ್ತಾಳೆಂದು ಅವನು ಅಂದುಕೊಂಡಿದ್ದ. ಅವಳು ಮೈತುಂಬಿಕೊಂಡಿದ್ದಾಳೆ, ದುಪಟ್ಟಾವನ್ನು ಮುಸ್ಲಿಮ್ ಹೆಂಗಸರಂತೆ ಹೊದ್ದಿದ್ದಾಳೆ. ಅವನಿಗೆ ಕಸಿವಿಸಿ. ದುಃಖ ಹೀಗೆಯೇ ಕಾಣಬೇಕೆಂದು ನಾವೆಲ್ಲ ಒಂದು ಅಚ್ಚು ಇಟ್ಟುಕೊಂಡಿರುತ್ತೇವೆ. ಅದಕ್ಕೆ ಹೊಂದದಿದ್ದರೆ ದುಃಖವೇ ಇಲ್ಲವೆಂದು ತಿಳಿಯುತ್ತೇವೆ. ಆ ಕಸಿವಿಸಿಯನ್ನು ನುಂಗಿಕೊಂಡು ಅವನು ಅವಳನ್ನು ದೇವಿ ಎಂದು ಕರೆಯತೊಡಗುತ್ತಾನೆ. ಅವಳಿಗೆ ಎಲ್ಲವನ್ನೂ ಹೇಳಿ ಅತ್ತು ಹಗುರಾಗಬೇಕಿದೆ. ಅವನೋ ಹಳೆಯದನ್ನು ಮರೆಯೋಣ ಅನ್ನುತ್ತಾನೆ. ದೇವಿಗೆ ಪೂಜೆ ಸಲ್ಲುತ್ತದೆ, ಅವಳ ಕಷ್ಟ ಕೇಳುವವರಿಲ್ಲ. ಹೊಡೆಯುತ್ತಿದ್ದ ಗಂಡನೊಡನೆ ಜಗಳವಾಡಿ ರಾಜಿಯಾಗುತ್ತಿದ್ದ ಹಳೆಯ ಲಾಜೋ ಆಗಲು ಅವಳು ಹಂಬಲಿಸುತ್ತಾಳೆಂಬುದು ಓದಲು ಹಿತವಾದ ಸಂಗತಿಯಲ್ಲ. ಬೇಡಿ ಅದನ್ನೂ ಮುಚ್ಚಿಡಲಿಲ್ಲ.

ಆ ತಿಂಗಳುಗಳಲ್ಲಿ ಅವಳಿಗೆ ಏನೇನಾಯಿತೆಂಬುದನ್ನು ಕಥೆ ಪೂರ್ತಿಯಾಗಿ ಎಲ್ಲಿಯೂ ಬಿಚ್ಚಿಡುವುದಿಲ್ಲ. ಸುಂದರಲಾಲ ಕೇಳಲೊಲ್ಲದ್ದು ನಮ್ಮ ಕಿವಿಗೂ ಬೀಳುವುದಿಲ್ಲ.