ಬಸಿದ ಕಟ್ಟನ್ನು ಚೆಲ್ಲಬೇಡಿ

ಸೊಪ್ಪಿನ ಬಗ್ಗೆ ನಮ್ಮ ಅಡುಗೆಮನೆಗಳಲ್ಲಿ ಓಡಾಡುವ ಹಾಸ್ಯಕ್ಕೆಲ್ಲ ಮೂಲ ಒಂದೇ: ಮೊರದ ತುಂಬ ಬಿಡಿಸಿದ್ದು ಬೆಂದ ಮೇಲೆ ಒಂದು ಸೌಟಿನಷ್ಟಾಗುತ್ತದೆ. ಒಲೆಯ ಮುಂದೆ ನಿಂತವರೇ ಮುಕ್ಕಾಲು ಪಾಲು ತಿಂದರೆಂಬ ಆರೋಪ ಊಟದ ಹೊತ್ತಿಗೆ ಬಂದೇ ಬರುತ್ತದೆ. ನಕ್ಕು ಬಿಡುವ ಆ ಮಾತಿನಲ್ಲಿ ಒಳ್ಳೆಯ ಪ್ರಶ್ನೆಯೊಂದಿದೆ. ಹೋದದ್ದು ಎಲ್ಲಿಗೆ? ಪಾಲಕ್ ಸೊಪ್ಪಿನ ತೂಕದಲ್ಲಿ ಶೇ. 90ರಷ್ಟು ನೀರೇ. ಕಾವು ತಗುಲಿದರೆ ಎಲೆಯ ಬಿಗಿ ಸಡಿಲಿ ಆ ನೀರು ಹೊರಬೀಳುತ್ತದೆ. ಸಿ ಜೀವಸತ್ವ, ಫೋಲೇಟ್, ಪೊಟ್ಯಾಸಿಯಂಗಳಲ್ಲಿ ಒಂದು ಪಾಲೂ ಎಲೆಯ ಸೊಗಡೂ ಅದರೊಡನೆ ಪಾತ್ರೆಗಿಳಿಯುತ್ತವೆ. ಆದ್ದರಿಂದ ಸೊಪ್ಪಿನ ಅಡುಗೆಯನ್ನು ಅಳೆಯಬೇಕಾದದ್ದು ಆ ನೀರನ್ನು ಏನು ಮಾಡಿದರು ಎಂಬುದರಿಂದ. ಈ ಪರೀಕ್ಷೆಯಲ್ಲಿ ಹಳೆ ಮೈಸೂರು ಸೀಮೆಯ ಬಸ್ಸಾರಿಗೆ ಮೊದಲ ಸ್ಥಾನ.

ಚೆನ್ನೈನ ಶೋಳಿಂಗನಲ್ಲೂರಿನಂಥ ಕಡೆ ಈ ಮಾತು ಇನ್ನೂ ಮುಖ್ಯ. ಐಟಿ ಕೆಲಸಕ್ಕೆಂದು ಹಳೇ ಮಹಾಬಲಿಪುರಂ ರಸ್ತೆಯ ಅಪಾರ್ಟ್‌ಮೆಂಟುಗಳಿಗೆ ಬಂದ ಕನ್ನಡದ ಮನೆಗಳಿಗೆ ಬಸ್ಸಾರಿನ ಸಬ್ಬಸಿಗೆ ಊರಿನಷ್ಟು ಸಲೀಸಾಗಿ ಸಿಗುವುದಿಲ್ಲ. ಆದರೆ ಅರೈಕೀರೆ, ಸಿರುಕೀರೆ, ಮುಳೈಕೀರೆ ಎಂದು ಅಲ್ಲಿ ಮಾರುವುದೆಲ್ಲ ನಮ್ಮ ದಂಟು, ಹರಿವೆಗಳ ಬಳಗವೇ. ಪೊನ್ನಾಂಗಣ್ಣಿ ನಮ್ಮ ಹೊನಗೊನ್ನೆ, ಮಣತ್ತಕ್ಕಾಳಿ ನಮ್ಮ ಗಣಿಕೆ. ಬಸ್ಸಾರು ಇಂಥದೇ ಸೊಪ್ಪು ಬೇಕೆಂದು ಹಟ ಹಿಡಿಯುವ ಅಡುಗೆಯಲ್ಲ. ತೊಗರಿಬೇಳೆ ಮುಕ್ಕಾಲು ಬೆಂದಾಗ, ಮೊದಲೇ ತೊಳೆದು ಹೆಚ್ಚಿದ ಸೊಪ್ಪನ್ನು ಎಳೆ ದಂಟಿನ ಸಮೇತ ಹಾಕಿ, ಮುಚ್ಚಳವಿಡದೆ ಬೇಯಿಸಬೇಕು. ಮುಚ್ಚಿದರೆ ಸೊಪ್ಪಿನ ಹುಳಿಯಂಶ ಒಳಗೇ ಉಳಿದು ಹಸಿರು ಮಾಸುತ್ತದೆ. ಬೇಳೆ ಕರಗುವ ಮುನ್ನ ಬಸಿದು ಆ ನೀರನ್ನು, ಅಂದರೆ ಕಟ್ಟನ್ನು, ತೆಗೆದಿಡಬೇಕು. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕಾಯಿತುರಿ, ಸಾರಿನಪುಡಿ, ಹುಣಸೆಹಣ್ಣುಗಳ ಜೊತೆ ಬೆಂದ ಸೊಪ್ಪುಬೇಳೆ ಒಂದು ಹಿಡಿ ಸೇರಿಸಿ ರುಬ್ಬಿ, ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಹಾಕಿದರೆ ಪಲ್ಯ. ಒಗ್ಗರಣೆಯ ಎಣ್ಣೆಗೂ ಕೆಲಸವಿದೆ: ಸೊಪ್ಪಿನ ಬೀಟಾ ಕ್ಯಾರೊಟಿನ್ ಮೈಗೆ ಹತ್ತಲು ಜಿಡ್ಡು ಬೇಕು.

ತಮಿಳರ ಕೀರೆ ಮಸಿಯಲ್‌ನಲ್ಲಿ ನೀರು ಬಸಿಯುವುದೇ ಇಲ್ಲ, ಬಸ್ಸಾರಿನ ಹೆಚ್ಚುಗಾರಿಕೆ ಏನು ಎಂದು ಯಾರಾದರೂ ಕೇಳಬಹುದು. ಮಸಿಯಲ್ ಕೂಡ, ನಮ್ಮ ಮಸ್ಸೊಪ್ಪೂ ನೀರಿಗೆ ಮರ್ಯಾದೆ ಕೊಡುವ ಅಡುಗೆಗಳೇ, ನಿಜ. ಆದರೆ ಮಸೆದ ಮೇಲೆ ದಂಟು ಅಗಿಯಲು ಸಿಗುವುದಿಲ್ಲ. ಬಸ್ಸಾರಿನಲ್ಲಿ ಅದು ಪಲ್ಯವಾಗಿ ಉಳಿಯುತ್ತದೆ, ಒಂದೇ ಪಾತ್ರೆಯಿಂದ ಎರಡು ಪದಾರ್ಥ ಸಿಗುತ್ತವೆ. ದುಡಿದು ದಣಿದು ಬಂದವರಿಗೆ ಇದು ಸಣ್ಣ ಲಾಭವಲ್ಲ. ಮಣ್ಣು, ಔಷಧಿಯ ಭಯಕ್ಕೆ ಬಸಿದ ನೀರು ಚೆಲ್ಲುವವರೂ ಇದ್ದಾರೆ. ಭಯ ಸುಳ್ಳಲ್ಲ, ಆದರೆ ಅದಕ್ಕೆ ತಕ್ಕ ಕ್ರಮ ಹೆಚ್ಚುವ ಮೊದಲು. ಅಗಲ ಪಾತ್ರೆಯ ನೀರಿನಲ್ಲಿ ಅದ್ದಿ ಮಣ್ಣನ್ನು ತಳಕ್ಕೆ ಬಿಟ್ಟು ಸೊಪ್ಪನ್ನಷ್ಟೇ ಮೇಲೆತ್ತಬೇಕು, ಮೂರ್ನಾಲ್ಕು ಸಲ ನೀರು ಬದಲಿಸಬೇಕು. ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಆಕ್ಸಲೇಟಿನದು. ಪಾಲಕ್, ದಂಟುಗಳಲ್ಲಿ ಅದು ಹೆಚ್ಚು, ಬೇಯಿಸಿದ ನೀರಿಗೆ ಇಳಿಯುವುದೂ ಹೌದು. ಮೂತ್ರಪಿಂಡದ ಕಲ್ಲಿಗೆ ವೈದ್ಯರು ಪಥ್ಯ ಹೇಳಿದವರು ಆ ನೀರನ್ನು ಚೆಲ್ಲುವುದೇ ಸರಿ. ಆಕ್ಸಲೇಟ್ ಬಹಳ ಕಡಿಮೆಯಿರುವ ಮೆಂತ್ಯವನ್ನು ಆರಿಸಿಕೊಂಡರೆ ಇನ್ನೂ ಲೇಸು. ಆದರೆ ರೋಗಿಯ ಪಥ್ಯ ಮನೆಮಂದಿಗೆಲ್ಲ ಅಡುಗೆಯ ನಿಯಮವಾಗಬೇಕಿಲ್ಲ.

ಸಬ್ಬಸಿಗೆ ಸಿಗದೆಂದು ಸೊಪ್ಪಿನ ಊಟವನ್ನೇ ಕೈಬಿಟ್ಟ ಮನೆಗಳು ಈ ವಾರ ಎರಡು ಕಟ್ಟು ಸಿರುಕೀರೆ ತಂದು ಬಸ್ಸಾರಿಗಿಡಲಿ. ಮುದ್ದೆಯಿದ್ದರೆ ಸರಿ, ಇಲ್ಲದಿದ್ದರೆ ಬಿಸಿ ಅನ್ನವೂ ಆದೀತು.