ಬರಿಗಾಲಿನ ರಾಣಿ

ಉಳ್ಳಾಲದ ಅಬ್ಬಕ್ಕನ ಬಗ್ಗೆ ಬರುವ ನಾಟಕ, ರೂಪಕಗಳಲ್ಲಿ ಹೆಚ್ಚಿನವು ಒಂದೇ ಜಾಡು ಹಿಡಿಯುತ್ತವೆ: ಪರಂಗಿಯವರು ಬಂದರು, ರಾಣಿ ಕತ್ತಿ ಹಿಡಿದಳು, ಸ್ವಾತಂತ್ರ್ಯದ ಕಿಚ್ಚು ಹೊತ್ತಿತು. ಈ ಜಾಡಿನ ಮೇಲೆ ನನಗೆ ತಕರಾರಿದೆ.

ಮೊದಲಿಗೆ ಎದುರಾಳಿ ಯಾರೆಂದು ನೋಡಿ. 1580ರಿಂದ 1640ರವರೆಗೆ ಪೋರ್ಚುಗಲ್ಲಿಗೂ ಸ್ಪೇನಿಗೂ ಒಬ್ಬನೇ ದೊರೆ. ಮೆಕ್ಸಿಕೊ, ಪೆರುಗಳನ್ನು ಆಳುತ್ತಿದ್ದ ಸಿಂಹಾಸನದ ಹೆಸರಿನಲ್ಲೇ ಗೋವೆಯ ವೈಸ್‌ರಾಯ್ ಮಂಗಳೂರಿನ ಕೋಟೆಯನ್ನೂ ಇಟ್ಟುಕೊಂಡಿದ್ದ. ಆ ಅಮೆರಿಕದ ವಸಾಹತುಗಳು ತಿರುಗಿಬಿದ್ದದ್ದು ಬಹಳ ತಡವಾಗಿ. 1808ರಲ್ಲಿ ನೆಪೋಲಿಯನ್ ಸ್ಪೇನಿನ ದೊರೆಯನ್ನು ಸೆರೆಯಲ್ಲಿಟ್ಟ, 1810ರಿಂದ ದಂಗೆಗಳೆದ್ದವು, 1824ರಲ್ಲಿ ಅಯಾಕುಚೊದಲ್ಲಿ ಸ್ಪೇನಿನ ಸೈನ್ಯ ಶರಣಾಯಿತು. ಅದು ಮುನ್ನೂರು ವರ್ಷ ಆಳಿಸಿಕೊಂಡವರ ಬಿಡುಗಡೆ. ತುಳುನಾಡಿನದು ಆಳಿಸಿಕೊಳ್ಳುವ ಮೊದಲೇ ನಡೆದ ಜಗಳ. ಕಪ್ಪ, ಅಕ್ಕಿ, ಕರಿಮೆಣಸಿನ ಜಗಳ. ಎರಡಕ್ಕೂ ಒಂದೇ ಅಂಗಿ ತೊಡಿಸಿದರೆ ಎಲ್ಲೋ ಹರಿಯುತ್ತದೆ.

ಹರಿಯುವುದು ಬಂಗರಸನ ಹತ್ತಿರ. ಮೂಡುಬಿದಿರೆಯ ಕಡೆ ಚೌಟರು, ಬೆಳ್ತಂಗಡಿಯ ಬಂಗಾಡಿ ಮತ್ತು ಬಂಟ್ವಾಳದ ನಂದಾವರದಲ್ಲಿ ಬಂಗರು, ವೇಣೂರಿನಲ್ಲಿ ಅಜಿಲರು. ಒಂದೇ ದಿನ ಬಸ್ಸಿನಲ್ಲಿ ಸುತ್ತಿ ಬರಬಹುದಾದಷ್ಟು ಜಾಗದಲ್ಲಿ ಇಷ್ಟೊಂದು ಅರಸೊತ್ತಿಗೆ! ಚೌಟರ ರಾಣಿಯ ಗಂಡ ಬಂಗರಸ. ಸಂಬಂಧ ಮುರಿದಾಗ ಅವಳು ಒಡವೆಗಳನ್ನು ಹಿಂದಕ್ಕೆ ಕಳಿಸಿದಳಂತೆ. ಅಳಿಯಕಟ್ಟಿನ ನಾಡು, ಅವಳ ನೆಲ ಅವಳದೇ. ಅವನು ಪರಂಗಿಯವರ ನೆರವು ಕೇಳಿದ, ಅವಳು ಇಕ್ಕೇರಿಯ ವೆಂಕಟಪ್ಪ ನಾಯಕನ ನೆರವು ಕೇಳಿದಳು. ನಮ್ಮ ನಾಟಕಗಳಲ್ಲಿ ಬಂಗರಸ ಬರೇ ದ್ರೋಹಿ. ಅವನಿಗೊಂದು ರಾಜ್ಯ, ಒಂದು ಭಯ, ಒಂದು ಲೆಕ್ಕಾಚಾರ ಇತ್ತೆಂಬುದಕ್ಕೆ ರಂಗದ ಮೇಲೆ ಜಾಗವಿಲ್ಲ.

ಈ ಕತೆ ಇಷ್ಟು ವಿವರವಾಗಿ ಸಿಗುವುದು ರೋಮಿನ ಯಾತ್ರಿಕ ಪಿಯೆತ್ರೊ ಡೆಲ್ಲಾ ವಾಲೆಯ ಪತ್ರಗಳಲ್ಲಿ. 1623ರಲ್ಲಿ ಮಣೇಲಿನಲ್ಲಿ ಅವನು ರಾಣಿಯನ್ನು ಕಂಡ. ಅವಳು ಗದ್ದೆಯ ಕಡೆ ತೋಡು ಅಗೆಸುವ ಕೆಲಸ ನೋಡಲು ಹೊರಟಿದ್ದಳು. ಬರಿಗಾಲು, ಮೈಮೇಲೆ ಬರೇ ಹತ್ತಿಬಟ್ಟೆ. ಅಡುಗೆಮನೆಯ ಆಳಿನಂತೆ ಕಂಡಳೆಂದು ಬರೆಯುತ್ತಾನೆ. ಮೈಬಣ್ಣದ ಬಗ್ಗೆ ಅವನಾಡುವ ಮಾತು ಓದಿದರೆ ಸಿಟ್ಟು ಬರುತ್ತದೆ. ಆದರೆ ಅವಳು ಮಾತಾಡಲು ತೊಡಗಿದ್ದೇ ಧ್ವನಿಯ ಸೊಗಸನ್ನೂ ವಿವೇಕವನ್ನೂ ಒಪ್ಪಿಕೊಳ್ಳುತ್ತಾನೆ. ಅವನ ಕಣ್ಣನ್ನು ನಾನು ನಂಬುವುದಿಲ್ಲ, ಕಿವಿಯನ್ನು ನಂಬುತ್ತೇನೆ. ಅಬ್ಬಕ್ಕ ಒಬ್ಬಳಲ್ಲ, ಹಲವರು ಎನ್ನುವ ಚರಿತ್ರೆಕಾರರಿದ್ದಾರೆ. ಇವಳು ಅವರಲ್ಲಿ ಯಾರಾದರೂ ಸರಿ, ತೋಡು ಅಗೆಸುವ ಈ ಹೆಂಗಸು ನಮ್ಮ ಪ್ರತಿಮೆಗಳಲ್ಲಿ ಇಲ್ಲ.

1989ರಲ್ಲಿ ಮಾರ್ಕ್ವೆಜ್ ಬೊಲಿವಾರ್‌ನ ಮೇಲೆ ಕಾದಂಬರಿ ಬರೆದಾಗ ಆರಿಸಿಕೊಂಡದ್ದು ಯುದ್ಧಗಳನ್ನಲ್ಲ. ಕೆಮ್ಮುತ್ತ, ಸೊರಗುತ್ತ ಮಗ್ದಲೇನಾ ನದಿಯಲ್ಲಿ ಕೆಳಗಿಳಿಯುವ, ಕಟ್ಟಿದ ದೇಶ ಕಣ್ಣೆದುರೇ ಒಡೆಯುವುದನ್ನು ನೋಡುವ ಮನುಷ್ಯನನ್ನು. ವಿಮೋಚಕ ಅಲ್ಲಿ ಸಣ್ಣವನಾಗಲಿಲ್ಲ. ಅವನಿಗೂ ಮನೆಯವರೇ ಎದುರಾಗಿದ್ದರು: 1814ರಲ್ಲಿ ಅವನನ್ನು ಕರಾಕಸ್‌ನಿಂದ ಓಡಿಸಿದ ಬೊವೆಸ್‌ನ ಸೈನ್ಯ ವೆನೆಜುವೆಲಾದ ಬಯಲಿನ ಬಡವರದೇ.

ಅಂಥ ಧೈರ್ಯ ಕನ್ನಡ, ತುಳು ರಂಗಭೂಮಿಗೆ ಏಕಿರಬಾರದು? ಇಲ್ಲಿ ಇನ್ನೂ ಕಷ್ಟದ ಒಂದು ಅಂಕ ಬಾಕಿ ಇದೆ. ಪರಂಗಿಯವರನ್ನು ತಡೆಯಲು ಕರೆಸಿದ ಇಕ್ಕೇರಿಯವರು ಆಮೇಲೆ ಹಿಂದಿರುಗಲಿಲ್ಲ. ಚೌಟ, ಬಂಗ, ಅಜಿಲ ಎಲ್ಲರೂ ಕಪ್ಪ ಕೊಟ್ಟದ್ದು ಕೊನೆಗೆ ಅವರಿಗೇ.